ಮಕ್ಕಳೇ ಆರಿಸಿಕೊಂಡ ಮಿತ್ರ

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಬರುವ ಹೊಟ್ಟೆನೋವು ಕುಂದಾಪುರ ಕಡೆಯ ಮನೆಗಳಿಗೆ ಹೊಸದಲ್ಲ. ‘ಹೊಟ್ಟಿ ನೋವ್, ನಾ ಇವತ್ ಶಾಲಿಗ್ ಹೋತಿಲ್ಲೆ’ ಎಂದು ಮಗು ಮುದುಡಿ ಮಲಗುತ್ತದೆ. ಅಜ್ಜಿ ಓಮದ ಕಷಾಯ ಕುಡಿಸಿ ದೃಷ್ಟಿ ತೆಗೆಯುತ್ತಾರೆ, ಅಮ್ಮ ಗದರುತ್ತಾರೆ. ಶಾಲೆಯ ಗಂಟೆ ಬಾರಿಸಿ ಅರ್ಧ ತಾಸಾದರೆ ನೋವು ತಾನಾಗಿ ಇಳಿಯುತ್ತದೆ. ‘ಎಲ್ಲ ನಾಟಕ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಮಕ್ಕಳ ಮನಸ್ಸು ಬಲ್ಲ ವೈದ್ಯರು ಹಾಗೆನ್ನುವುದಿಲ್ಲ. ಆರೇಳು ವರ್ಷದ ಮಗುವಿಗೆ ಹೆದರಿಕೆ, ಅವಮಾನ, ಬೇಸರಗಳನ್ನು ಬಿಡಿಸಿ ಹೇಳಲು ಬರುವುದಿಲ್ಲ. ಅವು ಮೈಯಲ್ಲೇ ಕಾಣಿಸಿಕೊಳ್ಳುತ್ತವೆ. ಹೊಟ್ಟೆ ನಿಜವಾಗಿಯೂ ನೋಯುತ್ತದೆ, ಕಾರಣ ಮಾತ್ರ ಬೇರೆಲ್ಲೋ ಇರುತ್ತದೆ.

ಆ ಕಾರಣವನ್ನು ಮಗು ಯಾರ ಹತ್ತಿರ ಹೇಳಬೇಕು? ಮೇಷ್ಟ್ರೇ ಕಾರಣವಾಗಿದ್ದರೆ ಮೇಷ್ಟ್ರ ಹತ್ತಿರ ಹೇಳಲಾಗದು. ಅಪ್ಪನ ಕುಡಿತ ಕಾರಣವಾಗಿದ್ದರೆ ಮನೆಯಲ್ಲಿ ಬಾಯಿ ಬಿಡಲಾಗದು. ಇಂಥ ಮಗುವಿಗಾಗಿಯೇ ಕುಂದಾಪುರ ತಾಲೂಕು ಮೂರು ದಶಕದ ಹಿಂದೆ ಒಂದು ಏರ್ಪಾಡು ಮಾಡಿಕೊಂಡಿತು. ಅದರ ಹೆಸರು ‘ಮಕ್ಕಳ ಮಿತ್ರ’. ಊರಿನ ದೊಡ್ಡವರಲ್ಲಿ ಒಬ್ಬರು, ಮಕ್ಕಳು ಯಾವಾಗ ಬೇಕಾದರೂ ಹೋಗಿ ಮಾತಾಡಬಹುದಾದವರು. ಅವರನ್ನು ಆರಿಸುವುದು ಪಂಚಾಯಿತಿಯಾಗಲಿ ಇಲಾಖೆಯಾಗಲಿ ಅಲ್ಲ, ಮಕ್ಕಳೇ. ಈ ಏರ್ಪಾಡಿನ ತಿರುಳೆಲ್ಲ ಅಲ್ಲಿದೆ.

ಕುಂದಾಪುರದಲ್ಲಿ ಹುಟ್ಟಿದ ಬಗೆ

ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ‘ದ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ (ಸಿಡಬ್ಲ್ಯುಸಿ) ಸಂಸ್ಥೆ ಕುಂದಾಪುರ ತಾಲೂಕಿನ ಕನ್ಯಾನದಲ್ಲಿ ‘ನಮ್ಮ ಭೂಮಿ’ ಎಂಬ ನೆಲೆ ಕಟ್ಟಿಕೊಂಡಿತು. ದುಡಿಯುವ ಮಕ್ಕಳು 1990ರಲ್ಲಿ ‘ಭೀಮ ಸಂಘ’ ಎಂಬ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಹೋಟೆಲ್ ಕೆಲಸಕ್ಕೆಂದು ಕರಾವಳಿಯ ಹುಡುಗರು ಎಳವೆಯಲ್ಲೇ ಬೆಂಗಳೂರು, ಮುಂಬಯಿಯ ಬಸ್ಸು ಹತ್ತುತ್ತಿದ್ದ ಕಾಲ ಅದು. ಊರಿನಲ್ಲೇ ಮಕ್ಕಳು ಉಳಿಯಬೇಕಾದರೆ ಊರು ಅವರ ಮಾತು ಕೇಳಬೇಕು ಎಂಬ ಯೋಚನೆಯಿಂದ 1995ರಲ್ಲಿ ತಾಲೂಕಿನ ಕೆಲವು ಗ್ರಾಮಗಳಲ್ಲಿ ‘ಮಕ್ಕಳ ಪಂಚಾಯಿತಿ’ ಶುರುವಾಯಿತು. ಕೆರಾಡಿ, ಆಲೂರು, ಬೆಳ್ವೆ, ಉಪ್ಪುಂದ, ಹಳ್ಳಿಹೊಳೆಯಂಥ ಊರುಗಳಲ್ಲಿ ಮಕ್ಕಳು ಚುನಾವಣೆ ನಡೆಸಿ ತಮ್ಮ ಸದಸ್ಯರನ್ನು ಆರಿಸಿದರು. ಆ ಸದಸ್ಯರು ದೊಡ್ಡವರ ಪಂಚಾಯಿತಿಯ ಎದುರು ಕೂತು ಮಾತಾಡಿದರು. ಮಕ್ಕಳ ಮಿತ್ರ ಈ ಎರಡರ ನಡುವಿನ ಕೊಂಡಿಯಾಗಿ ಬಂದರು.

2004ರ ಹೊತ್ತಿಗೆ ಈ ಭಾಗದ 56 ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳೇ ತಮ್ಮ ಊರಿನ ಪಂಚವಾರ್ಷಿಕ ಯೋಜನೆ ಬರೆದರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಇವತ್ತು ತೆಕ್ಕಟ್ಟೆಯ ಮಕ್ಕಳೂ ಬೀದರಿನ ಮಕ್ಕಳೂ ಕೂರುವ ಗ್ರಾಮಸಭೆಯ ಬೇರು ಇದೇ ತಾಲೂಕಿನ ಮಣ್ಣಿನಲ್ಲಿದೆ. 2012ರಲ್ಲಿ ಸಿಡಬ್ಲ್ಯುಸಿ ನೊಬೆಲ್ ಶಾಂತಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡದ್ದೂ ಮಕ್ಕಳ ಮಾತಿಗೆ ಬೆಲೆ ತಂದ ಈ ಬಗೆಯ ಕೆಲಸದಿಂದಲೇ.

ಹೆದರಿಕೆಗೆ ನೂಲು, ಹೊಳೆಗೆ ಸೇತುವೆ

ಮಕ್ಕಳ ಸಭೆಗಳಲ್ಲಿ ಮತ್ತೆ ಮತ್ತೆ ಬಂದ ಮಾತು ಕಾಲುಸಂಕದ್ದು. ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಒಂದೆರಡು ಕಾಂಡ, ಹಿಡಿಯಲು ಒಂದು ಬಳ್ಳಿ ಅಥವಾ ಬಿದಿರು. ಆಷಾಢದಲ್ಲಿ ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿರುತ್ತದೆ, ಕಾಂಡದ ಮೇಲೆ ಪಾಚಿ ಕಟ್ಟಿರುತ್ತದೆ, ಬೆನ್ನ ಮೇಲೆ ಚೀಲ, ಕೈಯಲ್ಲಿ ಕೊಡೆ. ಅದನ್ನು ದಿನಕ್ಕೆರಡು ಸಲ ದಾಟುವ ಮಗು ರಾತ್ರಿ ಬೆಚ್ಚಿ ಏಳುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ. ಮನೆಯವರು ಹೆದರಿಕೆಗೆಂದು ನೂಲು ಕಟ್ಟಿಸುತ್ತಾರೆ. ಆ ನೂಲಿನ ಹಿಂದೆ ಪ್ರೀತಿ ಇದೆ, ಅದನ್ನು ಹಳಿಯುವುದು ಬೇಡ. ಆದರೆ ಆ ಮಗುವಿನ ಮನಸ್ಸಿಗೆ ಬೇಕಾದ ಮದ್ದು ಸೇತುವೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಶಾಲೆ ಬಿಟ್ಟು ಬರುವಾಗ ಕಾಲುಸಂಕದಿಂದ ಜಾರಿ ತೀರಿಕೊಂಡಳು. ಮಕ್ಕಳ ಹೆದರಿಕೆಯನ್ನು ಮಕ್ಕಳಾಟಿಕೆ ಎನ್ನುವವರು ಇದನ್ನು ನೆನಪಿಡಬೇಕು.

ಮನಸ್ಸಿನ ಆರೋಗ್ಯ ಎಂದ ಕೂಡಲೇ ಮಗುವಿನ ಒಳಗೆ ಏನೋ ಕೆಟ್ಟಿದೆ ಎಂದು ಹುಡುಕತೊಡಗುತ್ತೇವೆ. ಎಷ್ಟೋ ಸಲ ಕೆಟ್ಟಿರುವುದು ಮಗುವಿನ ಸುತ್ತಲಿನ ಲೋಕ. ಚಿಲಕವಿಲ್ಲದ ಶೌಚಾಲಯ, ದಾರಿಯಲ್ಲಿ ಕುಡಿದು ಕೂರುವವರು, ಬಣ್ಣದ ಮೇಲೆ ಅಡ್ಡಹೆಸರಿಟ್ಟು ಕರೆಯುವ ಜೊತೆಯವರು. ಇವನ್ನು ಸರಿಪಡಿಸಲು ಮನೋವೈದ್ಯರು ಬೇಕಿಲ್ಲ, ಕೇಳಿಸಿಕೊಂಡು ಎದ್ದು ಹೊರಡುವ ದೊಡ್ಡವರು ಬೇಕು.

ತೆಕ್ಕಟ್ಟೆಯ ಮಗುವಿನ ವರ್ಷ

ಕೋಟಕ್ಕೂ ಕೋಟೇಶ್ವರಕ್ಕೂ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ತೆಕ್ಕಟ್ಟೆಯಲ್ಲಿ ಮಕ್ಕಳ ದಾರಿಗೆ ಅಡ್ಡ ಬರುವುದು ಹೊಳೆಗಿಂತ ಹೆಚ್ಚಾಗಿ ನಾಲ್ಕು ಪಥದ ರಸ್ತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ ಬಯಲು. ಇಂಥ ಊರಿನ ಮಕ್ಕಳ ಮನಸ್ಸಿಗೆ ಅದರದೇ ಋತುಗಳಿವೆ. ಮೀನುಗಾರರ ಮನೆಯಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿಗಳ ರಜೆಯ ಕಾಲ. ಅಪ್ಪ ಮನೆಯಲ್ಲಿರುತ್ತಾರೆ, ಕೈಯಲ್ಲಿ ಹಣ ಇರುವುದಿಲ್ಲ. ಯಕ್ಷಗಾನ ಮೇಳದ ಕಲಾವಿದರ ಮನೆಯಲ್ಲಿ ದೀಪಾವಳಿ ಕಳೆದರೆ ಪತ್ತನಾಜೆಯ ಆಸುಪಾಸಿನವರೆಗೆ ಅಪ್ಪ ರಾತ್ರಿ ಮನೆಯಲ್ಲಿರುವುದೇ ಅಪರೂಪ. ಹೋಟೆಲ್ ಕೆಲಸದವರ ಮಕ್ಕಳು ಅಪ್ಪನನ್ನು ಕಾಣುವುದು ಊರಹಬ್ಬಕ್ಕೆ, ರಥೋತ್ಸವಕ್ಕೆ. ಕೆಲಸ ಹುಡುಕಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಮಕ್ಕಳಿಗೆ ಶಾಲೆಯಲ್ಲಿ ಕೇಳುವ ಕುಂದಾಪ್ರ ಕನ್ನಡವೇ ಮೊದಮೊದಲು ಪರಕೀಯ.

ತರಗತಿಯಲ್ಲಿ ಸಪ್ಪಗೆ ಕೂತ ಮಗುವನ್ನು ‘ದಡ್ಡ’ ಎನ್ನುವ ಮೊದಲು ಈ ಋತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳ್ಳೆಯ ಶಿಕ್ಷಕರು ಹಾಗೆ ಮಾಡುತ್ತಲೇ ಬಂದಿದ್ದಾರೆ. ಶಾಲೆಯಲ್ಲಿ ಇದನ್ನು ಅವರಷ್ಟೇ ಚೆನ್ನಾಗಿ ಬಲ್ಲ ಇನ್ನೊಬ್ಬರು ಬಿಸಿಯೂಟದ ಅಡುಗೆಯವರು. ಯಾರು ಎರಡನೇ ಸಲ ಅನ್ನ ಕೇಳಿದರು, ಯಾರು ತಟ್ಟೆಯಲ್ಲಿ ಕೈಯಾಡಿಸಿ ಎದ್ದು ಹೋದರು ಎಂಬುದು ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ, ಅವರ ಕಣ್ಣಲ್ಲಿ ಸಿಗುತ್ತದೆ. ಮಕ್ಕಳಿಗೆ ಮಿತ್ರರನ್ನು ಆರಿಸುವ ಅವಕಾಶ ಕೊಟ್ಟರೆ ಅಡುಗೆಯ ಅಕ್ಕನ ಹೆಸರು ಬರುವುದು ಅಚ್ಚರಿಯಲ್ಲ.

ಈ ನೆಲಕ್ಕೆ ಇನ್ನೊಂದು ಬಲವಿದೆ, ಯಕ್ಷಗಾನ. 1975ರಲ್ಲಿ ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಇಲ್ಲಿಗೆ ಹತ್ತಿರದ್ದು. ತೆಕ್ಕಟ್ಟೆಯ ಯಶಸ್ವಿ ಕಲಾವೃಂದವೂ ಮಕ್ಕಳಿಗೆ ಗೆಜ್ಜೆ ಕಟ್ಟಿಸುತ್ತಿದೆ. ತರಗತಿಯಲ್ಲಿ ಹೆಸರು ಕರೆದರೆ ತಲೆ ತಗ್ಗಿಸುವ ಮಾಣಿ ಬಾಲಗೋಪಾಲನ ವೇಷದಲ್ಲಿ ಚಂಡೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾನೆ. ಅರ್ಥ ಹೇಳಲು ಕಲಿತ ಹೆಣ್ಣುಮಗಳು ತನಗಾದ ಅನ್ಯಾಯವನ್ನು ಹೇಳುವುದನ್ನೂ ಕಲಿಯುತ್ತಾಳೆ. ಮಾತು ಬಾರದ ದುಃಖಕ್ಕೆ ಕುಣಿತ, ಚಿತ್ರ, ಆಟಗಳು ದಾರಿ ಬಿಡಿಸುತ್ತವೆ. ಅಂಕ ಕಡಿಮೆ ಬಂತೆಂದು ಮಗುವನ್ನು ಯಕ್ಷಗಾನದ ತರಗತಿಯಿಂದ ಬಿಡಿಸುವ ಹೆತ್ತವರು ಆ ದಾರಿಯನ್ನೇ ಮುಚ್ಚುತ್ತಿರುತ್ತಾರೆ.

ಚೀಟಿಗೆ ಉತ್ತರ

ಎಲ್ಲ ಮಕ್ಕಳೂ ಎದುರು ನಿಂತು ಮಾತಾಡಲಾರರು. ಅದಕ್ಕೆ ಚೀಟಿ ಹಾಕುವ ಪೆಟ್ಟಿಗೆ ಬೇಕು. ಪೆಟ್ಟಿಗೆಯನ್ನು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಿಗೆ ನೇತುಹಾಕಿದರೆ ಅದು ಖಾಲಿಯೇ ಇರುತ್ತದೆ. ಯಾರ ಕಣ್ಣಿಗೂ ಬೀಳದೆ ಚೀಟಿ ಹಾಕುವಂಥ ಜಾಗದಲ್ಲಿ, ಒಂದನೇ ತರಗತಿಯ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಇರಬೇಕು. ಬರೆಯಲು ಬಾರದ ಮಗು ಚಿತ್ರ ಬಿಡಿಸಿ ಹಾಕಬಹುದು. ತೆರೆಯುವ ದಿನ ಗೊತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಚೀಟಿಗೂ ಉತ್ತರ ಬರಬೇಕು. ‘ಚಿಲಕ ಹಾಕಿಸಿದೆವು’ ಎಂದಾಗಲಿ, ‘ಈ ತಿಂಗಳು ಆಗಲಿಲ್ಲ, ಕಾರಣ ಇದು’ ಎಂದಾಗಲಿ. ಉತ್ತರ ಬಾರದ ಪೆಟ್ಟಿಗೆ ಮಕ್ಕಳಿಗೆ ಕಲಿಸುವುದು ಒಂದೇ ಪಾಠ, ಹೇಳಿ ಪ್ರಯೋಜನವಿಲ್ಲ ಎಂದು.

ಮಿತ್ರರಾದವರಿಗೆ ದೊಡ್ಡ ತರಬೇತಿಗಿಂತ ಮೊದಲು ಬೇಕಾದದ್ದು ತಾಳ್ಮೆ. ‘ಎಂತ ಆಯ್ತ್ ಮಾಣಿ, ಒಂಚೂರ್ ಕೂಕೋ’ ಎಂದು ಕೂರಿಸಿಕೊಂಡು, ಮಗುವಿನ ಮಾತು ಮುಗಿಯುವವರೆಗೆ ಬುದ್ಧಿ ಹೇಳದೆ ಇರುವುದು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಮಾತ್ರ ಕೊಡಬಾರದು. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ದೂರು ಕೊಡುವುದು ಕಡ್ಡಾಯ. ‘ನಿನಗೆ ಒಳ್ಳೆಯದಾಗಲು ಯಾರಿಗೆ ತಿಳಿಸಬೇಕೋ ಅವರಿಗೆ ಮಾತ್ರ ತಿಳಿಸುತ್ತೇನೆ’ ಎನ್ನುವುದೇ ಪ್ರಾಮಾಣಿಕ ಮಾತು. ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಎಲ್ಲರೆದುರು ಬೈದು ನಿಲ್ಲಿಸುವುದೂ ಆ ಹಿಂಸೆಯೇ ಎಂಬುದು ಶಾಲೆಗೆ ಗೊತ್ತಿರಬೇಕು.

ಕೇಳಿಸಿಕೊಂಡರೆ ಸಾಲದ ಮಕ್ಕಳೂ ಇದ್ದಾರೆ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟ ಮಗು, ಆಟವೇ ಬೇಡವೆನ್ನುವ ಮಗು, ತನಗೆ ತಾನೇ ನೋವು ಮಾಡಿಕೊಳ್ಳುವ ಮಗು, ಎಷ್ಟು ಕಲಿಸಿದರೂ ಅಕ್ಷರ ಜೋಡಿಸಲಾರದ ಮಗು. ಇವರನ್ನು ತಜ್ಞರ ಹತ್ತಿರ ಕರೆದೊಯ್ಯಲೇಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲಿ ಮಾದರಿಯಾದದ್ದೇ ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಈಗ ‘ಮನೋಚೈತನ್ಯ’ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅಪಾಯದಲ್ಲಿರುವ ಮಗುವಿಗೆ 1098 ಸಹಾಯವಾಣಿ ಇದೆ. ಈ ಬಾಗಿಲುಗಳವರೆಗೆ ಮಗುವಿನ ಕೈ ಹಿಡಿದು ನಡೆಸುವವರು ಯಾರು ಎಂಬುದೇ ಉಳಿಯುವ ಪ್ರಶ್ನೆ. ಅಲ್ಲಿಯೂ ಮಕ್ಕಳ ಮಿತ್ರರೇ ಬೇಕು.

ಈ ವರ್ಷವೇ ಆಗಬಹುದಾದದ್ದು

ಶಾಲೆಯಲ್ಲಿ ಮಕ್ಕಳ ಮಿತ್ರರನ್ನು ಆರಿಸಲು ಹೊಸ ಅನುದಾನ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಸಾಕು. ಮಕ್ಕಳಿಗೆ ಖಾಲಿ ಚೀಟಿ ಕೊಟ್ಟು, ‘ನಿನಗೆ ಕಷ್ಟ ಬಂದರೆ ಯಾರ ಹತ್ತಿರ ಹೇಳುತ್ತೀ?’ ಎಂದು ಗುಟ್ಟಾಗಿ ಬರೆಸಬೇಕು. ಹೆಚ್ಚು ಮಕ್ಕಳು ಹೆಸರಿಸಿದವರ ಒಪ್ಪಿಗೆ ಕೇಳಿ, ಒಬ್ಬ ಗಂಡಸು, ಒಬ್ಬ ಹೆಂಗಸು ಎಂದು ಇಬ್ಬರನ್ನು ಆ ವರ್ಷದ ಮಿತ್ರರೆಂದು ಘೋಷಿಸಬೇಕು. ಯಾರ ಹೆಸರನ್ನೂ ಬರೆಯದ ಚೀಟಿಗಳೂ ಒಂದಷ್ಟು ಬರುತ್ತವೆ. ಶಾಲೆ ತನ್ನ ಕೆಲಸವನ್ನು ಆ ಮಕ್ಕಳಿಂದಲೇ ಶುರು ಮಾಡಬೇಕು. ಮಕ್ಕಳ ಮಾತಿಗೆ ಪಂಚಾಯಿತಿಯಲ್ಲಿ ಕುರ್ಚಿ ಹಾಕಿಸಿಕೊಟ್ಟ ತಾಲೂಕು ಇದು. ಅದನ್ನು ಪ್ರತಿ ಪ್ರಾಥಮಿಕ ಶಾಲೆಯ ಒಳಗೂ ತರುವ ಹೊಣೆ ಈಗ ಇಲ್ಲಿನ ಹೆತ್ತವರದು, ಶಿಕ್ಷಕರದು, ಪಂಚಾಯಿತಿಯವರದು.