ಗುತ್ತಿಗೆದಾರರ ಖಾತೆಗೆ ಕೃತಕ ಬುದ್ಧಿಮತ್ತೆಯ ಕನ್ನ: ತಡೆಯುವುದು ಹೇಗೆ?

ತುಮಕೂರು: ಸಿಮೆಂಟು, ಕಬ್ಬಿಣ ಕಾಯಲು ರಾತ್ರಿ ಕಾವಲುಗಾರನನ್ನು ನೇಮಿಸುವ ಗುತ್ತಿಗೆದಾರರು ಬ್ಯಾಂಕ್ ಖಾತೆಯ ರಕ್ಷಣೆಗೆ ಒಂದು ಪಾಸ್‌ವರ್ಡ್ ಅನ್ನಷ್ಟೇ ನೆಚ್ಚಿಕೊಂಡಿರುವುದು ಸಾಮಾನ್ಯ. ಕೃತಕ ಬುದ್ಧಿಮತ್ತೆಯನ್ನು (ಎಐ) ಬಳಸಿ ಧ್ವನಿ, ಮುಖ, ಪತ್ರ ಎಲ್ಲವನ್ನೂ ನಕಲು ಮಾಡಬಹುದಾದ ಇಂದಿನ ದಿನಗಳಲ್ಲಿ ಈ ಕಾವಲು ಸಾಲದು.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಉಪವಿಭಾಗದಲ್ಲಿ ನಿರ್ಮಾಣ ಕಾಮಗಾರಿಗಳಿಗೆ ಕೊರತೆಯಿಲ್ಲ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ತಲೆಯೆತ್ತಿದೆ. ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನೂ, ತುಮಕೂರು–ದಾವಣಗೆರೆ ಮಾರ್ಗ ಶಿರಾವನ್ನೂ ಹಾದುಹೋಗುತ್ತವೆ. ಇಂತಹ ದೊಡ್ಡ ಯೋಜನೆಗಳ ಜೊತೆಗೆ ರಸ್ತೆ, ಚರಂಡಿ, ಶಾಲಾ ಕೊಠಡಿಗಳ ಕೆಲಸವನ್ನೇ ನಂಬಿದ ಸಣ್ಣ ಗುತ್ತಿಗೆದಾರರಿದ್ದಾರೆ. ಒಂದು ಮೊಬೈಲ್, ಒಂದು ಲ್ಯಾಪ್‌ಟಾಪ್, ಸಂಜೆ ಬಂದು ಹೋಗುವ ಲೆಕ್ಕಿಗ – ಇಷ್ಟೇ ಇವರಲ್ಲಿ ಅನೇಕರ ಕಚೇರಿ.

ನಿರ್ಮಾಣ ಕ್ಷೇತ್ರವೇ ಏಕೆ?

ಈ ವ್ಯವಹಾರದಲ್ಲಿ ಹಣ ಪಾವತಿಸುವವರು ಮತ್ತು ಪಡೆಯುವವರು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತಾರೆ. ಜಲ್ಲಿ ಕ್ರಷರ್, ಎಂ-ಸ್ಯಾಂಡ್, ಕಬ್ಬಿಣ, ಜೆಸಿಬಿ ಬಾಡಿಗೆ, ಸೆಂಟ್ರಿಂಗ್ ಮೇಸ್ತ್ರಿ ಹೀಗೆ ಹತ್ತಾರು ಖಾತೆಗಳಿಗೆ ಹಣ ಹೋಗುತ್ತದೆ. ಹೊಸ ಖಾತೆ ಸಂಖ್ಯೆ ಬಂದರೆ ಯಾರಿಗೂ ಅನುಮಾನ ಮೂಡುವುದಿಲ್ಲ. ಮಾಲೀಕ ಸೈಟಿನಲ್ಲಿ, ಲೆಕ್ಕಿಗ ಪಟ್ಟಣದಲ್ಲಿ. ಹೆಚ್ಚಿನ ಆದೇಶಗಳು ವಾಟ್ಸ್‌ಆ್ಯಪ್‌ನಲ್ಲೇ. ವಂಚಕರಿಗೆ ಬೇಕಾದುದೂ ಇದೇ.

ಹಿಂದೆ ವಂಚಕರ ಸಂದೇಶವನ್ನು ಅದರ ಹರಕುಮುರುಕು ಭಾಷೆಯಿಂದಲೇ ಗುರುತಿಸಬಹುದಿತ್ತು. ಈಗ ಎಐ ತಂತ್ರಾಂಶಗಳು ಶುದ್ಧ ಕನ್ನಡದಲ್ಲಿ ಪತ್ರ ಬರೆದುಕೊಡುತ್ತವೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ 'ವಾಲ್-ಇ' ಎಂಬ ಮಾದರಿಗೆ ವ್ಯಕ್ತಿಯೊಬ್ಬರ ಧ್ವನಿ ಅನುಕರಿಸಲು ಮೂರು ಸೆಕೆಂಡುಗಳ ಮಾದರಿ ಧ್ವನಿ ಸಾಕಾಗಿತ್ತು. ಗುದ್ದಲಿ ಪೂಜೆಯ ಭಾಷಣದ ವಿಡಿಯೊ, ಗುಂಪಿನಲ್ಲಿ ಹಂಚಿದ ಧ್ವನಿ ಸಂದೇಶಗಳಲ್ಲಿ ಅದಕ್ಕಿಂತ ಹೆಚ್ಚೇ ಸಿಗುತ್ತದೆ.

ಹಾಂಗ್‌ಕಾಂಗ್‌ನ ಪಾಠ

ಸಿಡ್ನಿ ಒಪೆರಾ ಹೌಸ್ ನಿರ್ಮಾಣದಲ್ಲಿ ಪಾಲ್ಗೊಂಡಿದ್ದ ಬ್ರಿಟನ್ ಮೂಲದ ಎಂಜಿನಿಯರಿಂಗ್ ಸಂಸ್ಥೆ 'ಅರೂಪ್' 2024ರ ಆರಂಭದಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ (200 ಕೋಟಿ ರೂಪಾಯಿಗೂ ಅಧಿಕ) ಕಳೆದುಕೊಂಡಿತು. ರಹಸ್ಯ ಪಾವತಿ ಕೋರಿ ಬಂದ ಇ-ಮೇಲ್ ಬಗ್ಗೆ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಗೆ ಮೊದಲು ಅನುಮಾನ ಬಂದಿತ್ತು. ಆದರೆ ವಿಡಿಯೊ ಸಭೆಯಲ್ಲಿ ಮುಖ್ಯ ಹಣಕಾಸು ಅಧಿಕಾರಿ ಮತ್ತು ಪರಿಚಿತ ಸಹೋದ್ಯೋಗಿಗಳನ್ನು ಕಂಡಾಗ ಅದು ಕರಗಿತು. ಆತ 15 ಬಾರಿ, ಐದು ಖಾತೆಗಳಿಗೆ ಹಣ ವರ್ಗಾಯಿಸಿದ. ಸಭೆಯಲ್ಲಿ ಕಂಡ ಆ ಮುಖಗಳೆಲ್ಲವೂ ಡೀಪ್‌ಫೇಕ್! ಕಂಪ್ಯೂಟರ್‌ಗೆ ಯಾರೂ ಕನ್ನ ಹಾಕಿರಲಿಲ್ಲ; ಕನ್ನ ಬಿದ್ದದ್ದು ನಂಬಿಕೆಗೆ.

ರಾಜ್ಯದ ಅನುಭವವೂ ಕಹಿಯೇ. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ನುಗ್ಗಿದವರು ಟೆಂಡರ್‌ದಾರರ ಇಎಂಡಿ ಠೇವಣಿಯ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ಸಾಗಿಸಿದ್ದರು. ಸಿಐಡಿ ತನಿಖೆ ನಡೆಸಿದ ಆ ಪ್ರಕರಣ ಎಐ ವಂಚನೆಯಲ್ಲ. ಆದರೂ ಗುತ್ತಿಗೆದಾರರ ಹಣ ಎಲ್ಲಿದೆ ಎಂಬುದು ಕಳ್ಳರಿಗೆ ಚೆನ್ನಾಗಿ ಗೊತ್ತು ಎಂಬುದನ್ನು ಅದು ತೋರಿಸಿತು.

ಮುನ್ನೆಚ್ಚರಿಕೆ ಏನು?

* ಖಾತೆ ಬದಲಾವಣೆಯ ಕೋರಿಕೆ ಬಂದಾಗ ಆ ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡಬಾರದು. ಹಳೆಯ ಬಿಲ್ಲಿನಲ್ಲಿರುವ ಅಥವಾ ಮೊದಲೇ ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

* ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಪಾವತಿಗೆ ಇಬ್ಬರ ಒಪ್ಪಿಗೆ ಕಡ್ಡಾಯವಾಗಿರಲಿ. ಮಾಲೀಕ ಮತ್ತು ಲೆಕ್ಕಿಗನ ನಡುವೆ ಒಂದು ಗುಟ್ಟಿನ ಮಾತು ಇರಲಿ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಯದೆ ಬಾಯಲ್ಲೇ ಹೇಳಿಕೊಳ್ಳುವುದು ಲೇಸು.

* ಆರ್‌ಟಿಜಿಎಸ್ ಮತ್ತು ನೆಫ್ಟ್ ಪಾವತಿಗೆ ಮುನ್ನ ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಹೆಸರು ತಾಳೆಯಾಗದಿದ್ದರೆ ಹಣ ಕಳುಹಿಸಬಾರದು.

* ಟೆಂಡರ್ ಹಾಕಲು ಬಳಸುವ ಡಿಜಿಟಲ್ ಸಹಿಯ ಟೋಕನ್ ಮತ್ತು ಅದರ ಪಿನ್ ಅನ್ನು ಸೈಬರ್ ಸೆಂಟರ್‌ನಲ್ಲಿ ಬಿಟ್ಟು ಬರುವುದು, ಸಹಿ ಮಾಡಿದ ಖಾಲಿ ಚೆಕ್ ಬಿಟ್ಟು ಬಂದಂತೆ.

* 'ವರ್ಕ್ ಆರ್ಡರ್', 'ಬಾಕಿ ಬಿಲ್' ಎಂಬ ಹೆಸರಿನಲ್ಲಿ ಬರುವ ಎಪಿಕೆ ಕಡತಗಳನ್ನು ತೆರೆಯಬಾರದು.

* ನಕ್ಷೆ, ಅಳತೆ ಪುಸ್ತಕ, ಬಿಲ್ಲುಗಳ ಪ್ರತಿಯನ್ನು ಕಂಪ್ಯೂಟರ್‌ಗೆ ಜೋಡಿಸದ ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲಿ ಇಡಬೇಕು. 2020ರ ಜನವರಿಯಲ್ಲಿ ಫ್ರಾನ್ಸ್‌ನ ಬೃಹತ್ ನಿರ್ಮಾಣ ಸಂಸ್ಥೆ 'ಬೂಯಿಗ್ ಕನ್‌ಸ್ಟ್ರಕ್ಷನ್' ಕೂಡ ರ‍್ಯಾನ್ಸಮ್‌ವೇರ್ ದಾಳಿಗೆ ತುತ್ತಾಗಿತ್ತು.

ಹಣ ಹೋದರೆ?

ಮೊದಲ ಕೆಲಸ 1930 ಸಹಾಯವಾಣಿಗೆ ಕರೆ. ಪಾವಗಡದವರು ಸುಮಾರು 100 ಕಿ.ಮೀ. ದೂರದ ತುಮಕೂರಿಗೆ ಹೊರಡುವ ಮುನ್ನ ಈ ಕರೆ ಮಾಡಬೇಕು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲೇ ತಡೆಹಿಡಿಯಲು ಇರುವ ಅವಕಾಶ ಇದೇ. ಅದೇ ಹೊತ್ತಿಗೆ ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಸಂದೇಶ, ಕರೆ ವಿವರ, ಧ್ವನಿಮುದ್ರಿಕೆಗಳನ್ನು ಅಳಿಸಬಾರದು. ಸಂಸ್ಥೆಗಳು ಸೈಬರ್ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿರ್ದೇಶನ 2022ರಲ್ಲಿ ಹೊರಬಿದ್ದಿದೆ. ಕಂಪ್ಯೂಟರ್ ಬಳಸಿ ಮತ್ತೊಬ್ಬರ ಸೋಗಿನಲ್ಲಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ದೊಡ್ಡ ಸಂಸ್ಥೆಗಳು ಇಂತಹ ಪೆಟ್ಟನ್ನು ತಡೆದುಕೊಳ್ಳಬಲ್ಲವು. ಕಾದು ಪಡೆದ ಒಂದೇ ಬಿಲ್ಲಿನಲ್ಲಿ ಕಬ್ಬಿಣದ ಅಂಗಡಿಯ ಸಾಲವನ್ನೂ ಕೂಲಿಯವರ ಬಟವಾಡೆಯನ್ನೂ ತೀರಿಸಬೇಕಾದ ಸಣ್ಣ ಗುತ್ತಿಗೆದಾರನಿಗೆ ಒಂದು ತಪ್ಪು ವರ್ಗಾವಣೆ ಎಂದರೆ ಕೆಲಸವೇ ನಿಂತಂತೆ. ಎರಡು ನಿಮಿಷದ ಮರುಕರೆಯಿಂದ ಈ ನಷ್ಟವನ್ನು ತಪ್ಪಿಸಬಹುದು.