ದಿನಬಳಕೆಗೆ ಒಂದೇ ಜೂಮ್ ಲೆನ್ಸ್: ಯಾವುದು ಸರಿ?

ಕ್ಯಾಮೆರಾದ ಜೊತೆ ಬಂದ 18-55 ಕಿಟ್ ಲೆನ್ಸ್‌ನಲ್ಲಿ ಕೆಲವು ತಿಂಗಳು ಚಿತ್ರ ತೆಗೆದ ಮೇಲೆ ಹಲವರಿಗೆ ಅನ್ನಿಸುತ್ತದೆ, ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆಯುವಂತಿದ್ದರೆ ಎಂದು. ಪದೇ ಪದೇ ಲೆನ್ಸ್ ಬದಲಿಸುವ ರಗಳೆ ಬೇಡ, ಜೇಬಿಗೂ ಹೊರೆಯಾಗಬಾರದು. ಅಂಥ ಲೆನ್ಸ್ ಖಂಡಿತ ಸಿಗುತ್ತದೆ. ಅದರ ಮೇಲೆ ಬರೆದಿರುವ ಸಂಖ್ಯೆಗಳನ್ನು ಓದಲು ಬಂದರೆ ಆಯ್ಕೆ ಸುಲಭ.

ಮೊದಲನೆಯದು ಫೋಕಲ್ ಲೆಂತ್. ಲೆನ್ಸ್ ಎಷ್ಟು ಅಗಲಕ್ಕೆ ನೋಡುತ್ತದೆ, ಎಷ್ಟು ಹತ್ತಿರಕ್ಕೆ ಎಳೆಯುತ್ತದೆ ಎಂಬುದರ ಅಳತೆ ಇದು. ಬೇಲೂರಿನ ಚೆನ್ನಕೇಶವ ಗುಡಿಯ ಅಂಗಳದಲ್ಲಿ ನಿಂತಿದ್ದೀರಿ ಎನ್ನಿ. 18 ಎಂಎಂನಲ್ಲಿ ಗುಡಿಯ ಮುಂಭಾಗ ಜಗತಿಯ ಸಮೇತ ಸಿಗುತ್ತದೆ. ಜಗತಿ ಹತ್ತಿ 140ಕ್ಕೆ ತಿರುಗಿಸಿದರೆ, ಸೂರಿನ ಕೆಳಗಿನ ಮದನಿಕೆಯ ಒಡವೆಯ ಕುಸುರಿ ಕಾಣುತ್ತದೆ. 55ರಲ್ಲಿ ಅದು ಅಷ್ಟು ತುಂಬಿ ಬರುವುದಿಲ್ಲ.

ಎರಡನೆಯದು ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ. ಇಲ್ಲಿ ಸಂಖ್ಯೆ ಹೆಚ್ಚಿದಷ್ಟು ಬೆಳಕು ಕಡಿಮೆ. ಎಫ್ 3.5-5.6 ಎಂದಿದ್ದರೆ, ಜೂಮ್ ಎಳೆದಂತೆ ಬೆಳಕು ಇಳಿಯುತ್ತದೆ ಎಂದರ್ಥ. ಅದೇ ಗುಡಿಯ ನವರಂಗದೊಳಗೆ ಹೋದಾಗ ಇದರ ಬಿಸಿ ತಟ್ಟುತ್ತದೆ. ಎಫ್ 5.6ಕ್ಕಿಂತ ಎಫ್ 2.8ರಲ್ಲಿ ನಾಲ್ಕು ಪಟ್ಟು ಬೆಳಕು ಬರುತ್ತದೆ. ಒಂದರಲ್ಲಿ 1/15 ಸೆಕೆಂಡ್ ಬೇಕಾದಲ್ಲಿ ಇನ್ನೊಂದರಲ್ಲಿ 1/60 ಸಾಕು.

“ಲೆನ್ಸ್‌ನಲ್ಲಿ ವಿಆರ್ ಅಥವಾ ಐಎಸ್ ಇದೆಯಲ್ಲ?” ಎಂದು ನೀವು ಕೇಳಬಹುದು. ಅದು ನಿಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ. ಕಲ್ಲುಕಂಬಕ್ಕೆ ಅಷ್ಟೇ ಸಾಕು. ಓಡುವ ಮಗುವಿಗೋ ಕುಣಿಯುವ ಯಕ್ಷಗಾನ ವೇಷಕ್ಕೋ ಸಾಲದು, ಚಿತ್ರ ಮಸುಕಾಗಿಯೇ ಬರುತ್ತದೆ.

ಹಾಗಾಗಿ ಪ್ರವಾಸ, ಜಾತ್ರೆ, ಹಗಲಿನ ಚಿತ್ರಗಳೇ ಹೆಚ್ಚಾದರೆ ನಿಕಾನ್ 18-140 ಅಥವಾ ಕ್ಯಾನನ್ 18-135 ಒಳ್ಳೆಯ ಆಯ್ಕೆ. ಮನೆಯ ಸಮಾರಂಭ, ರಾತ್ರಿಯ ಕಾರ್ಯಕ್ರಮಗಳೇ ಹೆಚ್ಚಾದರೆ ದೂರದ ಆಸೆ ಬಿಟ್ಟು ಎಫ್ 2.8ರ ಲೆನ್ಸ್ ಹಿಡಿಯಿರಿ. ಡಿಎಸ್ಎಲ್ಆರ್‌ಗೆ ಸಿಗ್ಮಾ 17-50 ಇದೆ. ಮಿರರ್‌ಲೆಸ್‌ಗೆ, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಗೆ, ಸಿಗ್ಮಾ 18-50 ಇದೆ. ಸುಮಾರು 290 ಗ್ರಾಂ ತೂಗುವ ಇದನ್ನು ದಿನವಿಡೀ ಕೊರಳಲ್ಲಿ ಹಾಕಿಕೊಂಡರೂ ಭಾರವೆನಿಸದು. ಇನ್ನೂ ಗೊಂದಲವಿದ್ದರೆ ನಿಮ್ಮ ಹಳೆಯ ಚಿತ್ರಗಳ ವಿವರ ತೆರೆದು ನೋಡಿ. ಎಷ್ಟು ಎಂಎಂನಲ್ಲಿ ತೆಗೆದದ್ದು ಎಂದು ಅಲ್ಲೇ ಇರುತ್ತದೆ. ಹೆಚ್ಚಿನವು 55ರಲ್ಲಿದ್ದರೆ ಉದ್ದದ ಜೂಮ್ ಬೇಕು. 18ರಲ್ಲೇ ಇದ್ದರೆ ನಿಮಗೆ ಬೇಕಿರುವುದು ಇನ್ನೂ ಅಗಲ ನೋಡುವ ಲೆನ್ಸ್. ಆಗ 18-140ಕ್ಕೆ ದುಡ್ಡು ಸುರಿಯಬೇಡಿ.

ಬೆಲೆಯ ವಿಷಯ. ಹೊಸ ಸಿಗ್ಮಾ 18-50ರ ಬೆಲೆ 40 ಸಾವಿರ ದಾಟುತ್ತದೆ. ಬಳಸಿದ 18-135, 18-140 ಲೆನ್ಸ್‌ಗಳು ಸ್ಥಿತಿ ನೋಡಿ 10ರಿಂದ 15 ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಕಡಿಮೆ ಬಜೆಟ್‌ನವರಿಗೆ ನಾನು ಹೇಳುವುದು ಇವನ್ನೇ. ದೊಡ್ಡ ಊರುಗಳಲ್ಲಿ ಲೆನ್ಸ್ ಬಾಡಿಗೆಗೂ ಕೊಡುತ್ತಾರೆ. ಒಂದು ವಾರಾಂತ್ಯ ತಂದು ಬಳಸಿ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮೆರಾ ಕೈಯಲ್ಲಿರಲಿ. ನಿಕಾನ್ ಡಿ3000, ಡಿ5000 ಸರಣಿಗಳ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಬಳಸಿದ ಲೆನ್ಸ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನೊಳಗೆ ನೋಡಿ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಬೂಷ್ಟು ಜೇಡರಬಲೆಯ ಹಾಗೆ ಹಬ್ಬಿರುವುದುಂಟು. ಹಾಗಿದ್ದರೆ ಎಷ್ಟೇ ಅಗ್ಗವಾಗಿ ಕೊಟ್ಟರೂ ತರಬೇಡಿ.