ಹೊಳವಿಗೆ ಕಾಯುವ ಹಿತ್ತಿಲು

ಆರಿದ್ರಾ ಮಳೆ ಹಿಡಿದುಕೊಂಡರೆ ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲು ಕಡೆಯ ಹಿತ್ತಿಲುಗಳಿಗೆ ಎರಡೇ ಬಣ್ಣ, ಹಸಿರು ಮತ್ತು ಕೆಸರು. ಕೆಳಗೆ ಗದ್ದೆಬೈಲು, ಅದರ ಅಂಚಿಗೆ ಅಡಿಕೆ ತೋಟ, ತೋಟದ ಮೇಲಿನ ದಿಣ್ಣೆಯಲ್ಲಿ ಹೆಂಚಿನ ಮನೆ, ಮನೆಯ ಬೆನ್ನಿಗೆ ಸೊಪ್ಪಿನಬೆಟ್ಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ (ಎನ್‌.ಆರ್‌.ಪುರ) ಮೂರೂ ತಾಲ್ಲೂಕುಗಳಲ್ಲಿ ಊರೆಂದರೆ ಬಹುಮಟ್ಟಿಗೆ ಇದೇ ಜೋಡಣೆ. ಬಚ್ಚಲಿಗೂ ಕೊಟ್ಟಿಗೆಗೂ ನಡುವೆ ಉಳಿದ ತುಂಡು ಜಾಗವೇ ಹಿತ್ತಿಲು. ಬಚ್ಚಲ ನೀರು ಹರಿಯುವಲ್ಲಿ ಕೆಸು, ಬಸಳೆ, ಒಂದೆಲಗ. ಬೇಲಿಗೆ ದಾಸವಾಳ, ಅದರ ಮೈಮೇಲೆ ಹಬ್ಬಿದ ಶಂಖಪುಷ್ಪ. ಧರೆಯ ಮಣ್ಣು ಕುಸಿಯದಂತೆ ನೆಟ್ಟ ಲಾವಂಚ, ಮಜ್ಜಿಗೆಹುಲ್ಲು. ಜಗುಲಿಯ ಮುಂದೆ ಡೇರೆ ಹೂವಿನ ಗಿಡಗಳು, ಗಾಳಿಗೆ ಬೀಳದಂತೆ ಒಂದೊಂದಕ್ಕೂ ಒಂದೊಂದು ಊರುಗೋಲು. ಈ ಡೇರೆ ಗೆಡ್ಡೆಗಾಗಿ ಮಲೆನಾಡಿನ ಹೆಂಗಸರು ನೆಂಟರ ಮನೆಗೆ ಹೋಗುವುದೂ ಉಂಟು, ಮುನಿಸಿಕೊಳ್ಳುವುದೂ ಉಂಟು.

ಹೂವಿನ ಚಹಾ, ಗಿಡಮೂಲಿಕೆ ಚಹಾ ಎಂದು ಪೇಟೆಯಲ್ಲಿ ಇವತ್ತು ಚಿಕ್ಕ ಡಬ್ಬಿಗಳಲ್ಲಿ ಕೂತಿರುವುದೆಲ್ಲ ಹೆಚ್ಚುಕಮ್ಮಿ ಈ ಹಿತ್ತಿಲಿನದ್ದೇ ಸರಕು. ಅದನ್ನು ಬೆಳೆಯಲು ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರ ಕಣ್ಣಲ್ಲಿ ಮಾತ್ರ ಬೇರೆ ಚಿತ್ರವಿರುತ್ತದೆ: ನೇರಳೆ ಬಣ್ಣದ ಲ್ಯಾವೆಂಡರ್ ಸಾಲು, ಬಿಳಿ ಕ್ಯಾಮೊಮೈಲ್, ಬೆತ್ತದ ಬುಟ್ಟಿ. ಕ್ಯಾಮೊಮೈಲಿಗೆ ಬೇಕಾದದ್ದು ಈಜಿಪ್ಟಿನ ಫಯೂಮಿನಂಥ ಒಣ ಹವೆ. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಪೂರ್ವಕ್ಕೆ ಎನ್‌.ಆರ್‌.ಪುರದ ಕಡೆ ಸರಿದಂತೆ ಮಳೆ ಇಳಿಯುತ್ತದೆ, ಆದರೂ ಒಣ ಹವೆ ಎನ್ನುವಷ್ಟು ಇಳಿಯುವುದಿಲ್ಲ. ಕೊಡೆ ಮಡಚಿದರೆ ಬೂಷ್ಟು ಹಿಡಿಯುವ ಊರು.

ತೋಟದಲ್ಲಿ ದುಡಿದು, ಉಂಡು, ಕಲಿಯುವ ಪದ್ಧತಿ ಹೊಸದಲ್ಲ. ಇಂಗ್ಲೆಂಡಿನಲ್ಲಿ 1971ರಲ್ಲಿ ಸಾವಯವ ತೋಟಗಳಿಗೆ ವಾರಾಂತ್ಯದ ಕೈಯಾಳುಗಳನ್ನು ಕಳಿಸುವ ವೂಫ್ ಎಂಬ ಕೂಟ ಶುರುವಾಯಿತು. ಇಂಡಿಯಾದಲ್ಲೂ ಅದರ ಕೊಂಡಿಗಳಿವೆ. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವ ತನಕ ತಮ್ಮ ಹೊಲವನ್ನೇ ಪಾಠಶಾಲೆ ಮಾಡಿಕೊಂಡಿದ್ದರು. ಕೊಪ್ಪದ ಪಕ್ಕದ ತೀರ್ಥಹಳ್ಳಿಯಲ್ಲಿ ಪುರುಷೋತ್ತಮ ರಾಯರ ಸಾವಯವ ತೋಟ ನೋಡಲು ರೈತರು ಸಾಲುಗಟ್ಟಿದ್ದರು. ಮೂಡಿಗೆರೆಯ ತೇಜಸ್ವಿ ‘ಸಹಜ ಕೃಷಿ’ ಬರೆದು ಜಪಾನಿನ ರೈತ ಫುಕುವೋಕನನ್ನು ಕನ್ನಡದ ಮನೆಗಳಿಗೆ ಕರೆತಂದರು. ನಮ್ಮ ಈ ಮೂವರದೂ ಗಂಡಸರ ತೋಟಗಳ ಕಥೆ. ಹಿತ್ತಿಲಿನ ವಿದ್ಯೆಯ ಗುರು ಯಾವಾಗಲೂ ಮನೆಯ ಅಮ್ಮನೇ. ಆಕೆಗೆ ತಾನು ಗುರು ಎಂಬುದು ಗೊತ್ತಿರುವುದಿಲ್ಲ, ಗೊತ್ತಾದರೆ ನಕ್ಕುಬಿಡುತ್ತಾಳೆ.

ಮೊದಲ ಪಾಠ ಕೊಯ್ಯುವುದಲ್ಲ, ಮುಟ್ಟದಿರುವುದು. ಶ್ರಾವಣ ಭಾದ್ರಪದದ ಹೊತ್ತಿಗೆ ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಕೆಂಪು ಹಳದಿಯ ಹೂವೊಂದು ಅರಳುತ್ತದೆ. ಗೌರಿಹೂವು. ಹಬ್ಬಕ್ಕೆ ದೇವರ ಮುಂದೆ ಇಡುವ ಹೂವಿದು, ಆದರೆ ಗೆಡ್ಡೆಯಿಂದ ಬೀಜದವರೆಗೆ ಎಲ್ಲವೂ ವಿಷ. ಕಣಗಿಲೆಯೂ ಹಾಗೆಯೇ, ಮದಗುಣಿಕೆಯೂ ಹಾಗೆಯೇ. ‘ದೇವರಿಗೆ ಆಗುವ ಹೂವೆಲ್ಲ ಹೊಟ್ಟೆಗೆ ಆಗುವುದಿಲ್ಲ ಮಾರಾಯ್ತಿ’ ಎಂದು ಅಮ್ಮ ಹೇಳಿದರೆ ಅದು ಗಾದೆಯಲ್ಲ, ಎಚ್ಚರಿಕೆ. ಮೊಬೈಲಿನಲ್ಲಿ ಚಿತ್ರ ಹಿಡಿದು ಗಿಡದ ಹೆಸರು ಕೇಳುವ ಮಕ್ಕಳು ಈ ಪಾಠವನ್ನು ಎರಡೆರಡು ಸಲ ಕೇಳಬೇಕು.

ಆಮೇಲೆ ಕೊಯ್ಲು. ಐದೆಸಳಿನ ಕೆಂಪು ದಾಸವಾಳ ಬೆಳಿಗ್ಗೆ ಬಿರಿದು ಸಂಜೆಗೆ ಮುದುಡುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಬಲಿಯುವ ಮುಂಚೆ ಬಿಡಿಸಬೇಕು. ತೊಟ್ಟು, ನಡುವಿನ ಕೇಸರದ ಕಡ್ಡಿ ತೆಗೆದು ಎಸಳಷ್ಟನ್ನೇ ಹರಡಬೇಕು. ತುಳಸಿಯ ಕುಡಿಯನ್ನು ತೆನೆ ಬಲಿಯುವ ಮೊದಲೇ ಚಿವುಟಬೇಕು. ಆದರೆ ಒಂದು ಸಾಲನ್ನು ಹಾಗೇ ಹೂವಿಗೆ ಬಿಡಬೇಕು, ಅದು ತುಡುವೆ ಜೇನಿನ ಪಾಲು. ಮಜ್ಜಿಗೆಹುಲ್ಲನ್ನು ಬುಡಕ್ಕೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ, ನೆಲಕ್ಕೆ ಸವರಿದರೆ ಮಳೆನೀರು ನಿಂತು ಕೊಳೆಯುತ್ತದೆ. ಅದರ ಗರಿಯ ಅಂಚು ಕೈ ಗೀರುವುದನ್ನು ಯಾರೂ ಮೊದಲೇ ಹೇಳುವುದಿಲ್ಲ. ರಕ್ತ ಹೀರುವ ಉಂಬಳದ ವಿಷಯವನ್ನೂ ಹೇಳುವುದಿಲ್ಲ. ಸುಣ್ಣ ಹೊಗೆಸೊಪ್ಪು ಕಾಲಿಗೆ ತಿಕ್ಕಿಕೊಂಡು ಇಳಿಯುವುದು ಎರಡನೆಯ ದಿನ ತಾನಾಗಿ ಬರುತ್ತದೆ.

ಬೆಳೆಯುವುದು ಇಲ್ಲಿ ಕಷ್ಟವೇ ಅಲ್ಲ. ನೆಲಕ್ಕೆ ಬಿದ್ದದ್ದೆಲ್ಲ ಬೇರು ಬಿಡುವ ಸೀಮೆ ಇದು. ಕಷ್ಟವಿರುವುದು ಒಣಗಿಸುವುದರಲ್ಲಿ, ಇಡೀ ಶಿಷ್ಯವೃತ್ತಿಯ ಸಾರವೂ ಅಲ್ಲೇ. ಹಸಿ ಎಲೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಡಬ್ಬಿಗೆ ತುಂಬುವಾಗ ಅದು ನೂರಕ್ಕೆ ಹತ್ತರ ಆಸುಪಾಸಿಗೆ ಇಳಿದಿರಬೇಕು. ಐದಾರು ಕಿಲೋ ಸೊಪ್ಪು ಕೊಯ್ದರೆ ಕೈಗೆ ಉಳಿಯುವುದು ಒಂದು ಕಿಲೋ, ಹೂವಿನ ಎಸಳಾದರೆ ಇನ್ನೂ ಕಡಿಮೆ. ಬಿರುಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ, ಪರಿಮಳ ಹಾರುತ್ತದೆ. ನಲವತ್ತು ಡಿಗ್ರಿಯ ಸುತ್ತಮುತ್ತಲಿನ ಹದವಾದ ಬಿಸಿ, ಗಾಳಿ, ನೆರಳು ಬೇಕು. ಮಳೆಗಾಲದಲ್ಲಿ ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಬಚ್ಚಲೊಲೆ ದಿನವಿಡೀ ಉರಿಯುತ್ತಿರುತ್ತದೆ, ಒದ್ದೆ ಬಟ್ಟೆ ಅದರ ಮೇಲೆಯೇ ಒಣಗುವುದು. ಆದರೆ ಅಲ್ಲಿ ತುಳಸಿ ಹರಡಿದರೆ ಚಹಾಕ್ಕೆ ಹೊಗೆಯ ವಾಸನೆ. ಅಡಿಕೆ ಒಣಗಿಸಲು ಹಾಕಿಸಿದ ಪ್ಲಾಸ್ಟಿಕ್ ಹೊದಿಕೆಯ ಗೂಡಿನಲ್ಲಿ ಬಿಸಿಲಿದ್ದರೆ ಸೆಕೆ, ಬಿಸಿಲಿಲ್ಲದಿದ್ದರೆ ಹಬೆ. ಕರೆಂಟಿನ ಡ್ರೈಯರ್ ತರಿಸಿದವರು ಮರ ಬಿದ್ದು ತಂತಿ ಹರಿದ ದಿನಗಳನ್ನು ಲೆಕ್ಕಕ್ಕೆ ಹಿಡಿದುಕೊಳ್ಳಬೇಕು.

ಹಾಗಾಗಿ ಹೊಳವು ಕಾಯುವುದು. ಮೋಡ ಸ್ವಲ್ಪ ತೆರೆದು ಎರಡು ದಿನ ಮಳೆ ಬಿಟ್ಟುಕೊಡುತ್ತದೆಯೋ ಇಲ್ಲವೋ ಎಂದು ಅಮ್ಮ ಗುಡ್ಡದ ತಲೆ ನೋಡಿ ಹೇಳುತ್ತಾಳೆ. ಕಲಿಯಲು ಬಂದ ಬೆಂಗಳೂರಿನ ಹುಡುಗಿ ಫೋನಿನ ಹವಾಮಾನ ನೋಡಿ ಹೇಳುತ್ತಾಳೆ. ಇಬ್ಬರೂ ತಪ್ಪುವುದುಂಟು. ತಪ್ಪಿದರೆ ಕೊಯ್ದದ್ದು ಅದೇ ದಿನ ತಂಬುಳಿಯಾಗುತ್ತದೆ, ಕಷಾಯವಾಗುತ್ತದೆ, ಮಿಕ್ಕದ್ದು ದನಕ್ಕೆ. ಸಂಜೆ ಹದ ನೋಡುವ ಕೆಲಸ. ಎಲೆ ಬೆರಳ ನಡುವೆ ಪುಡಿಯಾದರೆ ಸಾಲದು, ಕಡ್ಡಿ ಬಾಗದೆ ಟಪ್ಪೆಂದು ಮುರಿಯಬೇಕು. ಅನುಮಾನವಿದ್ದರೆ ಗಾಜಿನ ಭರಣಿಗೆ ತುಂಬಿ ಮುಚ್ಚಿಟ್ಟು ಬೆಳಿಗ್ಗೆ ನೋಡುವುದು. ಗಾಜಿನ ಒಳಮೈ ಬೆವರಿದ್ದರೆ ಮತ್ತೆ ಹರಡಬೇಕು. ಯಂತ್ರವಿಲ್ಲದೆ ತೇವ ಅಳೆಯುವ ಇದಕ್ಕಿಂತ ನಂಬುವಂಥ ದಾರಿ ನನಗೆ ಕಂಡಿಲ್ಲ.

ಒಣಗಿದ ಮೇಲೆ ಹೂವುಗಳ ಗುಣ ಬಯಲಾಗುತ್ತದೆ. ದಾಸವಾಳ ಕಪ್ಪಗೆ ಮುದುರಿ ನೋಡಲು ಸಪ್ಪೆ, ಬಿಸಿನೀರಿಗೆ ಬಿದ್ದರೆ ಮತ್ತೆ ಕೆಂಪು. ಶಂಖಪುಷ್ಪ ನೀಲಿಯಾಗಿಯೇ ಒಣಗುತ್ತದೆ, ಲೋಟಕ್ಕೆ ನಿಂಬೆ ಹಿಂಡಿದರೆ ನೇರಳೆಗೆ ತಿರುಗುತ್ತದೆ. ಇದರಲ್ಲಿ ಪವಾಡವಿಲ್ಲ, ಹುಳಿಗೆ ಬಣ್ಣ ಬದಲಿಸುವ ಆಂಥೋಸಯನಿನ್ ಎಂಬ ವರ್ಣದ್ರವ್ಯದ ಆಟ. ರುಚಿ ಅಂಥದ್ದೇನಿಲ್ಲ ಎಂದೇ ನನ್ನ ಮತ. ಅದಕ್ಕೆ ಬೇಡಿಕೆ ಬಂದದ್ದು ಕ್ಯಾಮೆರಾದಿಂದ. ರುಚಿ ಬೇಕೆಂದರೆ ಮಜ್ಜಿಗೆಹುಲ್ಲು, ಒಣಶುಂಠಿ, ಒಂದೆರಡು ಕಾಳುಮೆಣಸು. ಒಣಗಿದಷ್ಟೂ ಘಮ ಉಳಿಸಿಕೊಳ್ಳುವ ಹೂವೆಂದರೆ ಸುರಗಿ. ಕುಡಿಯುವುದಕ್ಕಲ್ಲ, ಬಾಳೆನಾರಿನಲ್ಲಿ ಪೋಣಿಸಿ ಮುಡಿಯುವುದಕ್ಕೆ. ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರು ತಮ್ಮ ಆತ್ಮಕಥನಕ್ಕೆ ಇದರದೇ ಹೆಸರಿಟ್ಟರು.

ಇನ್ನೊಂದು ಹೂವಿದೆ, ಲೆಕ್ಕಕ್ಕೆ ಬಾರದ್ದು. ಫೆಬ್ರವರಿ ಮಾರ್ಚಿನ ಹೂಮಳೆಗೆ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ, ಕೆಲವೇ ದಿನಕ್ಕೆ ಬಾಡಿ ಉದುರುತ್ತದೆ. ಕಾಯಿ ಕಚ್ಚಿದ ಮೇಲೆ ಉದುರುವ ಆ ಎಸಳನ್ನು ಒಣಗಿಸಿ ಕುದಿಸಿದರೆ ಒಳ್ಳೆಯ ಪಾನೀಯ. ಕಾಫಿ ಹಣ್ಣಿನ ಸಿಪ್ಪೆಯನ್ನು ಯೆಮನ್ ದೇಶದವರು ಕಿಶ್ರ್ ಎಂದು ಕುಡಿಯುತ್ತ ಬಂದಿದ್ದಾರೆ. ಎನ್‌.ಆರ್‌.ಪುರ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ಆದರೂ ನಮ್ಮ ತೋಟಗಳಲ್ಲಿ ಕಾಫಿ ಎಂದರೆ ಇವತ್ತಿಗೂ ಬೀಜ ಮಾತ್ರ.

‘ಅಡಿಕೆ ತೋಟದ ನೆರಳಲ್ಲೇ ಈ ಚಹಾದ ಗಿಡಗಳನ್ನೆಲ್ಲ ಹಾಕಬಹುದಲ್ಲ ಅಮ್ಮ?’ ಎಂದು ಬಂದವರು ಕೇಳುತ್ತಾರೆ. ಹಾಕಬಹುದು, ಆದರೆ ಮಳೆಗಾಲದ ಮುಂಚೆ ಕೊನೆಗಾರ ಮರ ಹತ್ತಿ ಕೊಳೆ ಔಷಧಿ ಹೊಡೆಯುತ್ತಾನೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣ. ಮೈಸೂರು ಸರ್ಕಾರದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದ ದಿನಗಳಿಂದ ಮಲೆನಾಡಿನ ಅಡಿಕೆ ಉಳಿದದ್ದೇ ಅದರಿಂದ, ಅದನ್ನು ಹಳಿಯುವಂತಿಲ್ಲ. ಆದರೆ ಆ ನೀಲಿ ಹನಿ ಬಿದ್ದ ಎಲೆ ಚಹಾಕ್ಕೆ ಆಗದು. ಹೀಗಾಗಿ ಚಹಾದ ಗಿಡಗಳು ತೋಟದಿಂದ ದೂರ, ಗಾಳಿಯ ಮೇಲ್ಗಡೆ. ಪಕ್ಕದ ಮನೆಯವರು ಯಾವ ದಿನ ಔಷಧಿ ಹೊಡೆಸುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳುವುದೂ ಕಸುಬಿನ ಭಾಗ. ಸಾವಯವ ಎಂಬ ಪ್ರಮಾಣಪತ್ರಕ್ಕೆ ಬಹುವಾರ್ಷಿಕ ಬೆಳೆಯಲ್ಲಿ ಮೂರು ವರ್ಷ ಕಾಯಬೇಕು, ನೆರೆಯವರೊಂದಿಗಿನ ಮಾತು ಕೆಟ್ಟರೆ ಆ ಮೂರು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈ ಹಿತ್ತಿಲಿಗೆ ಈಗ ಬೆಲೆ ಬಂದದ್ದಕ್ಕೆ ಕಾರಣ ಪೇಟೆಯ ಶೋಕಿ ಒಂದೇ ಅಲ್ಲ. ಶೃಂಗೇರಿ, ಕೊಪ್ಪ, ಎನ್‌.ಆರ್‌.ಪುರದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ, ಅದಕ್ಕೆ ಮದ್ದಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ಸೇರಿಕೊಂಡಿತು. ಆನೆ, ಕಾಡುಹಂದಿ, ಮಂಗ ಬೇರೆ. ಅಡಿಕೆಯ ಜಾಗವನ್ನು ತುಳಸಿ ತುಂಬಿಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಮನೆಯ ಕೈಖರ್ಚಿಗೆ ಆಸರೆಯಾದೀತು, ಅಷ್ಟೇ. ಸಕ್ಕರೆ ಕಾಯಿಲೆ ಹೋಗುತ್ತದೆ, ಬೊಜ್ಜು ಕರಗುತ್ತದೆ ಎಂದು ಲೇಬಲಿನಲ್ಲಿ ಬರೆದು ಮಾರುವವರಿಂದ ಈ ಕಸುಬಿಗೇ ಕೆಟ್ಟ ಹೆಸರು. ಮಲೆನಾಡಿನವರು ಕೊತ್ತಂಬರಿ ಜೀರಿಗೆಯ ಕಷಾಯ ಕುಡಿದದ್ದು ರೋಗ ಓಡಿಸಲಿಕ್ಕಲ್ಲ, ಚಳಿಗೆ ಬೆಚ್ಚಗಿರಲಿ ಎಂದು.

ಕಲಿಯಲು ಹೋಗುವವರಿಗೆ ಒಂದು ಮಾತು. ಡಿಸೆಂಬರಿನ ಎಳೆಬಿಸಿಲಿನಲ್ಲಿ ಹೋಗಬೇಡಿ, ಆಗ ಎಲ್ಲವೂ ಒಣಗುತ್ತದೆ, ಏನೂ ಕಲಿಯುವುದಿಲ್ಲ. ಆಷಾಢದಲ್ಲಿ ಹೋಗಿ. ನಾಲ್ಕು ಜೊತೆ ಬಟ್ಟೆ ಹೆಚ್ಚಿಗೆ ಒಯ್ಯಿರಿ. ನಾಳೆ ನಿಮ್ಮದೇ ಡಬ್ಬಿ ಮಾರುಕಟ್ಟೆಗೆ ಬಂದ ದಿನ, ಹದ ಕಲಿಸಿದ ಆ ಅಮ್ಮನಿಗೆ ಒಂದು ಡಬ್ಬಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಲಾಭದಲ್ಲಿ ಪಾಲು ಕೊಡಿ, ಬರಹದಲ್ಲಿ ಬರೆದುಕೊಡಿ.